ಗುಂಡು ತೆಗೆಯಲು ಅನುಮತಿಪತ್ರ

2012ರಲ್ಲಿ ಕೈರೋ ನಗರದ ನಡುಭಾಗದಲ್ಲಿ ಹೋಗುತ್ತಿದ್ದ ಈಜಿಪ್ಟಿನ ಲೇಖಕಿ ಬಸ್ಮಾ ಅಬ್ದೆಲ್ ಅಜೀಜ್, ಬಾಗಿಲು ಮುಚ್ಚಿದ್ದ ಸರ್ಕಾರಿ ಕಟ್ಟಡದ ಮುಂದೆ ಜನ ಸಾಲುಗಟ್ಟಿ ನಿಂತಿರುವುದನ್ನು ಕಂಡರು. ಕೆಲವು ಗಂಟೆಗಳ ನಂತರ ಅದೇ ದಾರಿಯಲ್ಲಿ ಮರಳುವಾಗಲೂ ಅದೇ ಜನ ಅಲ್ಲೇ ಕಾಯುತ್ತಿದ್ದರು. ಚಿತ್ರಹಿಂಸೆಗೆ ಒಳಗಾದವರಿಗೆ ಚಿಕಿತ್ಸೆ ನೀಡಿದ ಅನುಭವವುಳ್ಳ ಈ ಮನೋವೈದ್ಯೆ ಆ ನೋಟದಿಂದ ಕಟ್ಟಿದ ಕಾದಂಬರಿ ‘ಅತ್ತಾಬೂರ್’, ಅಂದರೆ ‘ಸರತಿಯ ಸಾಲು’, ಮರುವರ್ಷ ಪ್ರಕಟವಾಯಿತು.

ಕಾದಂಬರಿಯಲ್ಲಿ ದಂಗೆಯೊಂದರ ವೇಳೆ ಯಹ್ಯಾ ಎಂಬವನ ದೇಹಕ್ಕೆ ಗುಂಡು ಹೊಕ್ಕಿದೆ. ಅದನ್ನು ಹೊರತೆಗೆಯಲು ‘ದ್ವಾರ’ವೆಂಬ ಆಡಳಿತ ಕೇಂದ್ರದ ಅನುಮತಿಪತ್ರ ಬೇಕು, ಆ ದ್ವಾರವೋ ತೆರೆಯುವುದೇ ಇಲ್ಲ. ಗುಂಡು ಹಾರಿಸಿಯೇ ಇಲ್ಲವೆಂದು ಆಡಳಿತ ಹೇಳುತ್ತಿರುವುದರಿಂದ ಅವನ ಗಾಯವೇ ಆಡಳಿತದ ವಿರುದ್ಧದ ಸಾಕ್ಷಿ. ಶಸ್ತ್ರಚಿಕಿತ್ಸೆಯನ್ನು ಚೆನ್ನಾಗಿ ಬಲ್ಲ ವೈದ್ಯ ತಾರಿಕ್ ರೋಗಿಯ ಕಡತವನ್ನು ತೆರೆದು ಓದುತ್ತಾನೆ, ಮುಚ್ಚಿಡುತ್ತಾನೆ, ಮತ್ತೆ ತೆರೆಯುತ್ತಾನೆ. ಅವನು ಕ್ರೂರಿಯಲ್ಲ, ಹೆದರಿದ ಸಜ್ಜನ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ಅದೇ. ಇತ್ತ ಸಾಲು ಉದ್ದವಾಗುತ್ತ ಊರೇ ಆಗಿಬಿಡುತ್ತದೆ: ಅಲ್ಲೇ ಚಹಾ, ಅಲ್ಲೇ ಉಪದೇಶ, ಅಲ್ಲೇ ಜಗಳ.

ರಾಕೆಟ್ಟು, ರೋಬೋಟುಗಳಿಲ್ಲದ ಇಂಥ ಕೃತಿ ವೈಜ್ಞಾನಿಕ ಕಥನವೇ ಎಂದು ಕೇಳುವವರಿದ್ದಾರೆ. ವೈದ್ಯಶಾಸ್ತ್ರ ಕಣ್ಣಾರೆ ಕಂಡದ್ದನ್ನು ಅಧಿಕಾರ ಅಳಿಸಿಹಾಕಿದರೆ ಏನಾದೀತೆಂದು ತಾರ್ಕಿಕವಾಗಿ ಕೊನೆಯವರೆಗೂ ಊಹಿಸುವ ಕಾದಂಬರಿಯನ್ನು ಆ ಪ್ರಕಾರದಿಂದ ಹೊರಗಿಡಲು ನನಗೆ ಕಾರಣ ಕಾಣುವುದಿಲ್ಲ. ವೈದ್ಯರೇ ಆಗಿದ್ದ ಈಜಿಪ್ಟಿನ ಲೇಖಕ ಅಹ್ಮದ್ ಖಾಲಿದ್ ತೌಫೀಕ್ 2008ರ ಕಾದಂಬರಿ ‘ಯುಟೋಪಿಯಾ’ದಲ್ಲಿ, ಕಾವಲಿನ ಬಡಾವಣೆಯ ಸಿರಿವಂತ ಹುಡುಗನೊಬ್ಬ ಮೋಜಿಗಾಗಿ ಬಡವರನ್ನು ಬೇಟೆಯಾಡಲು ಹೊರಡುವ 2023ರ ಈಜಿಪ್ಟನ್ನು ಕಲ್ಪಿಸಿದ್ದರು.

ಇರಾಕಿನ ಅಹ್ಮದ್ ಸಾದಾವಿಯವರ ‘ಬಾಗ್ದಾದಿನಲ್ಲಿ ಫ್ರಾಂಕೆನ್‌ಸ್ಟೈನ್’ 2014ರಲ್ಲಿ ಅರಬ್ ಕಾದಂಬರಿಗಳಿಗೆ ಮೀಸಲಾದ ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಅದರಲ್ಲಿ ಗುಜರಿ ವ್ಯಾಪಾರಿ ಹಾದಿ, ಸ್ಫೋಟಗಳಲ್ಲಿ ಛಿದ್ರವಾಗಿ ಬೀದಿಯಲ್ಲಿ ಬಿದ್ದ ಅಂಗಗಳನ್ನು ಆಯ್ದು ತಂದು ಒಂದೇ ದೇಹವಾಗಿ ಹೊಲಿಯುತ್ತಾನೆ. ಕಸದಂತೆ ಬಿದ್ದವರು ಇಡಿಯ ಶವವಾದರೆ ಗೌರವದ ದಫನವಾದರೂ ಸಿಕ್ಕೀತೆಂಬುದಷ್ಟೇ ಅವನ ಆಸೆ. ಜೀವ ತಳೆದ ಆ ದೇಹ ತನ್ನ ಒಂದೊಂದು ಅಂಗದ ಪರವಾಗಿ ಸೇಡು ತೀರಿಸಿಕೊಳ್ಳಲು ಹೊರಡುತ್ತದೆ. ಸೇಡು ತೀರಿದ ಅಂಗ ಕೊಳೆತು ಉದುರುತ್ತದೆ. ಹೊಸ ಮಾಂಸ ಬೇಕಾಗುತ್ತದೆ, ಬರಬರುತ್ತ ಅಪರಾಧಿಗಳ ಮಾಂಸವೂ ಅದರಲ್ಲಿ ಸೇರಿಕೊಳ್ಳುತ್ತದೆ. ತನ್ನ ದೇಹದಲ್ಲಿ ನಿರಪರಾಧಿ ಎಷ್ಟು, ಕೊಲೆಗಾರ ಎಷ್ಟು ಎಂದು ಅದು ಲೆಕ್ಕ ಹಾಕತೊಡಗಿದಾಗ ನಾನು ಪುಸ್ತಕ ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.