ಧಾರೆ ಸೀರೆಗೆ ಮೆಟಾಲಿಕ್ ಪೇಪರ್ ಬೇಡ

ಮದುವೆ ಸೀಸನ್‌ನಲ್ಲಿ ಹಾಸನದ ನಮ್ಮ ಕಲರ್ ಲ್ಯಾಬಿಗೆ ಬರುವ ಆರ್ಡರುಗಳಲ್ಲಿ ಈಗ ‘ಎಲ್ಲಾ ಮೆಟಾಲಿಕ್’ ಅಂತ, ಅಂದರೆ ಎಲ್ಲ ಫೋಟೋನೂ ಮಿನುಗುವ ಪೇಪರಿನಲ್ಲೇ ಬೇಕು ಅಂತ, ಬರೆದಿರುವುದೇ ಹೆಚ್ಚು. ಹೋದ ಸೀಸನ್‌ನಲ್ಲಿ ಒಬ್ಬ ಫೋಟೋಗ್ರಾಫರ್, ಹುಡುಗಿಯ ತಾಯಿಯನ್ನೇ ಕೌಂಟರಿಗೆ ಕರಕೊಂಡು ಬಂದರು. ಕೈಯಲ್ಲಿ 20×30 ಇಂಚಿನ ಮೆಟಾಲಿಕ್ ಪ್ರಿಂಟ್. ಬಿಳಿ ಧಾರೆ ಸೀರೆ, ಕೆಂಪು ಅಂಚು.

‘ನಮ್ಮ ಸೀರೆ ಹೀಗಿರಲಿಲ್ಲವಲ್ಲಪ್ಪ, ಮಾಸಿದ ಹಾಗೆ ಕಾಣುತ್ತೆ’ ಎಂದರು ಆಕೆ.

ಓನರ್ ಒಳಗಿನಿಂದಲೇ ‘ಡೆನ್ಸಿಟಿ ಎರಡು ಮೈನಸ್ ಮಾಡಿ ಹಾಕು’ ಅಂದರು, ಅಂದರೆ ಪ್ರಿಂಟನ್ನು ತಿಳಿ ಮಾಡು ಅಂತ. ಹಾಕಿದೆ. ಮುಖ ಸುಣ್ಣ ಬಳಿದಂತಾಯಿತು, ಸೀರೆಯ ನೆರಿಗೆ ಅಳಿಸಿಹೋಯಿತು, ಮಾಸಲು ಮಾತ್ರ ಹೋಗಲಿಲ್ಲ. ‘ಸಯಾನ್ ಪ್ಲಸ್ ಕೊಡು’ ಅಂದರು, ಅಂದರೆ ನೀಲಿ-ಹಸಿರು ಹೆಚ್ಚಿಸು ಅಂತ. ಅಂಚಿನ ಕೆಂಪು ಸತ್ತಿತು.

ಹೋಗುವುದಾದರೂ ಹೇಗೆ? ನಮ್ಮ ಪ್ರಿಂಟಿನಲ್ಲಿ ಬಿಳಿ ಬಣ್ಣವೇ ಇಲ್ಲ. ನಾವು ಬಳಸುವ ಆರ್‌ಎ-4 ಪೇಪರಿನಲ್ಲಿ, ಅಂದರೆ ಬೆಳಕು ತೋರಿಸಿ ಕೆಮಿಕಲ್‌ನಲ್ಲಿ ತೊಳೆಯುವ ಫೋಟೋ ಪೇಪರಿನಲ್ಲಿ, ಇರುವುದು ಸಯಾನ್, ಮೆಜೆಂಟಾ, ಹಳದಿ, ಈ ಮೂರೇ ಡೈ. ಪ್ರಿಂಟ್ ಹಾಕುವಾಗ ಪೇಪರಿನ ಮೇಲೆ ಬೆಳಕು ಬೀಳದ ಜಾಗದಲ್ಲಿ ಡೈ ಹುಟ್ಟುವುದಿಲ್ಲ, ಅಲ್ಲಿ ಕಾಣುವುದು ಬರೀ ಪೇಪರ್. ಸಿಲ್ಕ್ ಅನ್ನುವ ಇನ್ನೊಂದು ಫೋಟೋ ಪೇಪರಿನ ತಳ ಅಚ್ಚ ಬಿಳಿ. ಮೆಟಾಲಿಕ್‌ನ ತಳಕ್ಕೆ ಮುತ್ತಿನ ಹೊಳಪು ಕೊಟ್ಟಿರುತ್ತಾರೆ. ನೇರ ಬೆಳಕು ಬಿದ್ದರೆ ಮಿನುಗುತ್ತದೆ, ಇಲ್ಲದಿದ್ದರೆ ಬೂದು. ಅದನ್ನು ಯಾವ ಕರೆಕ್ಷನ್ನೂ ತೆಗೆಯಲಾರದು.

ಅದೇ ಫೈಲಿನಿಂದ ಮುಖ, ನೆರಿಗೆ, ಅಂಚು ಬರುವಷ್ಟು ಒಂದು ಪಟ್ಟಿ ಕತ್ತರಿಸಿ ಮಶೀನಿನ ಸಿಲ್ಕ್ ಚಾನಲ್‌ಗೆ ಹಾಕಿದೆ. ಪೇಪರ್ ರೋಲಿನ ಮ್ಯಾಗಜಿನ್ ಬದಲಿಸಿ, ಬಣ್ಣದ ಪ್ರೊಫೈಲ್ ಬದಲಿಸಿ, ಪಟ್ಟಿ ಒಣಗಿ ಹೊರಗೆ ಬರುವವರೆಗೂ ಕೌಂಟರಿನಲ್ಲಿ ಯಾರೂ ಮಾತಾಡಲಿಲ್ಲ. ಫೋಟೋಗ್ರಾಫರ್ ನನ್ನನ್ನೇ ನೋಡುತ್ತಿದ್ದರು. ಈ ಗಿರಾಕಿ ತಪ್ಪಿದರೆ ಅವರಿಗೆ ಬಾಕಿ ದುಡ್ಡೂ ಬರುತ್ತಿರಲಿಲ್ಲ.

‘ಬನ್ನಿ ಅಮ್ಮ’ ಅಂತ ಅದನ್ನೂ ಮೆಟಾಲಿಕ್‌ನ ಅಂಥದೇ ಒಂದು ಪಟ್ಟಿಯನ್ನೂ ಹಿಡಿದು ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ಕಡೆ ನಿಲ್ಲಿಸಿದೆ. ಮೆಟಾಲಿಕ್ ಪಟ್ಟಿ ಸ್ವಲ್ಪ ವಾಲಿಸಿದರೆ ಸೀರೆ ಜೊತೆ ಮುಖವೂ ಹೊಳೆಯಿತು, ನೇರ ಹಿಡಿದರೆ ಮತ್ತೆ ಬೂದು. ಆಕೆ ಸಿಲ್ಕ್ ಪಟ್ಟಿಯ ಮೇಲೆ ಬೆರಳಿಟ್ಟು ‘ಇದು. ಇದರಲ್ಲಿ ನೆರಿಗೆ ಎಣಿಸಬಹುದು’ ಎಂದರು.

ರಿಸೆಪ್ಷನ್ ಫೋಟೋಗಳನ್ನು ಮಾತ್ರ ನಾನೇ ಹೇಳಿ ಮೆಟಾಲಿಕ್‌ನಲ್ಲೇ ಉಳಿಸಿದೆ. ಲೈಟಿನಡಿಯ ಜರಿ, ಒಡವೆ, ಕಡು ನೀಲಿ ರೇಷ್ಮೆ ಆ ಪೇಪರಿನಲ್ಲಿ ಬರುವ ಹಾಗೆ ಬೇರೆಯದರಲ್ಲಿ ಬರುವುದಿಲ್ಲ. ಅದರ ಮೇಲೆ ಮ್ಯಾಟ್ ಲ್ಯಾಮಿನೇಷನ್ ಬೇಡವೆಂದೂ ಹೇಳಿದೆ. ಹೊಳಪಿಗೆ ದುಡ್ಡು ಕೊಟ್ಟು ಅದನ್ನೇ ಮುಚ್ಚುವುದು ಯಾತಕ್ಕೆ?

ನನ್ನ ತಕರಾರು ಇರುವುದು ರೇಟಿನ ಬಗ್ಗೆ ಅಲ್ಲ. ಮೆಟಾಲಿಕ್ ರೋಲು ಒಟ್ಟಿಗೆ ತರಿಸಿ, ಎಕ್ಸ್‌ಪೈರಿ ಹತ್ತಿರ ಬಂತೆಂದು ಎಲ್ಲರಿಗೂ ಅದನ್ನೇ ಹಚ್ಚುವುದು ಸರಿಯಲ್ಲ. ಕೌಂಟರಿನ ಸ್ಯಾಂಪಲ್ ಆಲ್ಬಮ್ಮಿನಲ್ಲಿ ಇರುವುದೆಲ್ಲ ರಾತ್ರಿ ರಿಸೆಪ್ಷನ್ ಫೋಟೋಗಳೇ. ಅದನ್ನು ನೋಡಿದವರು ಮೆಟಾಲಿಕ್ ಅನ್ನದೆ ಇನ್ನೇನು ಅಂದಾರು? ಒಂದೇ ಧಾರೆ ಫೋಟೋವನ್ನು ಎರಡೂ ಪೇಪರಿನಲ್ಲಿ ಹಾಕಿ ಪಕ್ಕಪಕ್ಕ ಇಡೋಣ ಅಂತ ಓನರ್‌ಗೆ ಹೇಳಿದ್ದೇನೆ. ಇನ್ನೂ ಇಟ್ಟಿಲ್ಲ.