ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ

ನಾನು ಓದುತ್ತಿರುವುದು ಮೆತ್ತನೆಯ ಪಾಲಿಮರ್ (ಉದ್ದುದ್ದ ಅಣುಸರಪಳಿಗಳ) ಜೆಲ್‌ಗಳ ಮೇಲ್ಮೈ ಹೇಗೆ ಬಾಗುತ್ತದೆ, ಹೇಗೆ ಅಂಟುತ್ತದೆ ಎಂಬುದನ್ನು. ಹೀಗೆಂದ ಕೂಡಲೇ ದಾವಣಗೆರೆಯಲ್ಲಿ ಬರುವ ಮರುಪ್ರಶ್ನೆ: ತಲೆಗೆ ಹಚ್ಚುತ್ತಾರಲ್ಲ, ಆ ಜೆಲ್ಲೇ? ಅದೂ ಪಾಲಿಮರ್ ಜೆಲ್ಲೇ, ಆದರೆ ಹೌದೆಂದರೆ ಮಾತು ಕ್ಷೌರದಂಗಡಿಗೆ ಹೋಗುತ್ತದೆ.

ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಸೋದರಮಾವ ಕೇಳಿದ ರೀತಿ. ಎಲೆಯ ಮೇಲಿದ್ದ ಕಾರ್ನ್‌ಫ್ಲೋರ್ ಹಲ್ವದ ತುಂಡನ್ನು ತೋರುಬೆರಳಿನಿಂದ ಒತ್ತಿ, "ಒತ್ತಿದ್ರೆ ತಗ್ತೈತಿ, ಬಿಟ್ರೆ ಏಳ್ತೈತಿ. ಇದ್ರಾಗ ಐದು ವರ್ಷ ಓದಾಕೇನೈತಲೇ?" ಎಂದರು. ಪಂಕ್ತಿಯೆಲ್ಲ ನಕ್ಕಿತು. ನಾನು ಅನ್ನಕ್ಕೆ ಸಾರು ಕಲಸಿಕೊಂಡೆ.

ಅಂದು ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಚಿತ್ರದುರ್ಗದ ಕೋಟೆಯ ಬಂಡೆಯ ಮೇಲೆ ಮಳೆಹನಿ ಕೂತಾಗ, ಹನಿಯ ಅಂಚಿನಲ್ಲಿ ನೀರಿನ ಮೇಲ್ಮೈ ಎಳೆತವು, ಅಂದರೆ ಮೇಲ್ಮೈ ಬಿಗಿದ ಪೊರೆಯಂತೆ ಎಳೆಯುವ ಬಲವು, ಬಂಡೆಯನ್ನೂ ಮೇಲಕ್ಕೆ ಎಳೆಯುತ್ತದೆ. ಬಂಡೆ ಏಳುವ ಎತ್ತರ, ಹೆಚ್ಚುಕಡಿಮೆ, ಆ ಎಳೆತವನ್ನು ವಸ್ತುವಿನ ಸ್ಥಿತಿಸ್ಥಾಪಕ ಗುಣಾಂಕದಿಂದ (ಅದು ಎಷ್ಟು ಗಡುಸು ಎಂಬ ಅಳತೆಯಿಂದ) ಭಾಗಿಸಿದಷ್ಟು. ಗ್ರಾನೈಟಿನಲ್ಲಿ ಅದು ಪರಮಾಣುವಿನ ನೂರನೆಯ ಒಂದು ಪಾಲು. ಆದ್ದರಿಂದಲೇ 1805ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಹನಿಯ ಅಂಚಿನ ಕೋನವನ್ನು ವಿವರಿಸಿದಾಗ, ತಳ ಅಲುಗುವುದಿಲ್ಲವೆಂದು ಭಾವಿಸಿದ್ದರೂ ನಡೆಯಿತು. ಆ ಗುಣಾಂಕ ಬರೀ 3 ಕಿಲೋಪ್ಯಾಸ್ಕಲ್ ಇರುವ ಸಿಲಿಕೋನ್ ಜೆಲ್‌ನಲ್ಲಿ ಅದೇ ಲೆಕ್ಕ 20 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲೇ ಮೈಕ್ರೋಮೀಟರ್) ದಾಟುತ್ತದೆ, ಹನಿಯ ಸುತ್ತ ಹೊಲದ ಬದುವಿನಂತೆ ಜೆಲ್ ಎದ್ದು ನಿಲ್ಲುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಅಂಟುವಿಕೆಯದ್ದೂ ಇದೇ ಕಥೆ: ಜಾನ್ಸನ್, ಕೆಂಡಾಲ್, ರಾಬರ್ಟ್ಸ್ ಎಂಬ ವಿಜ್ಞಾನಿಗಳು 1971ರಲ್ಲಿ ಕೊಟ್ಟ, ರಬ್ಬರಿಗೆ ಚೆನ್ನಾಗಿ ಹೊಂದುವ ಸಿದ್ಧಾಂತದಲ್ಲಿ ಅಂಟಿಗೆ ಎದುರಾಗಿ ನಿಲ್ಲುವುದು ಸ್ಥಿತಿಸ್ಥಾಪಕತೆ ಮಾತ್ರ. ಆದರೆ ಜೆಲ್ ಮೇಲೆ ಕೆಲವೇ ಮೈಕ್ರೋಮೀಟರ್‌ಗಳ ಗಾಜಿನ ಮಣಿ ಇಟ್ಟರೆ, ಜೆಲ್‌ನ ಮೇಲ್ಮೈಯೇ ನೀರಿನದರಂತೆ ಬಿಗಿದು ಆ ಅಂಟುವಿಕೆಯನ್ನು ತಡೆಯುತ್ತದೆ.

ಉಪಯೋಗ ಬೇಕೇ? ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್, ಗಾಯಕ್ಕೆ ಹಚ್ಚುವ ಜೆಲ್ ಪಟ್ಟಿ. ಸಾಕಲ್ಲ.

ಕೇಳಬೇಕಿದ್ದ ಪ್ರಶ್ನೆಯೇ ಬೇರೆ. ಜೆಲ್ ಎಂದರೆ ಪಾಲಿಮರ್ ಎಳೆಗಳ ಬಲೆ ಮತ್ತು ಅದರೊಳಗೆ ಸಿಕ್ಕಿಕೊಂಡ ದ್ರವ. ಹಾಗಾದರೆ ಅಂಚಿನಲ್ಲಿ ಮೇಲೇಳುವುದು ಬಲೆಯೋ, ಅದರಿಂದ ಹೊರಬಂದ ದ್ರವವೋ? ಕೆಲವು ಸಿಲಿಕೋನ್ ಜೆಲ್‌ಗಳಲ್ಲಿ ಅಂಟಿದ ಮಣಿಯ ಸುತ್ತ ಬರಿಯ ದ್ರವವೇ ಬಂದು ನಿಂತದ್ದು ಕಂಡಿದೆ. ಘನವಸ್ತುವಿನ ಮೇಲ್ಮೈಯನ್ನು ಹಿಗ್ಗಿಸಿದರೆ ಅದರ ಎಳೆತವೂ ಬದಲಾಗಬಹುದೆಂದು ಷಟಲ್‌ವರ್ತ್ ಎಂಬ ವಿಜ್ಞಾನಿ 1950ರಲ್ಲೇ ತೋರಿಸಿದ್ದರು, ದ್ರವದಲ್ಲಿ ಹಾಗಾಗುವುದಿಲ್ಲ. ಜೆಲ್ ಈ ಎರಡರಲ್ಲಿ ಯಾವ ಕಡೆಯದು ಎಂಬ ವಾದ ಇನ್ನೂ ಮುಗಿದಿಲ್ಲ.

ಈ ಪ್ರಶ್ನೆ ಅಂದು ಮಾವನವರ ಕೈಯಲ್ಲೇ ಇತ್ತು. ಅವರು ಬೆರಳೆತ್ತಿದಾಗ ಹಲ್ವ ಕ್ಷಣಕಾಲ ಅದರ ಜೊತೆಯಲ್ಲೇ ಎದ್ದು, ಆಮೇಲೆ ಬಿಟ್ಟುಕೊಂಡಿತು. ಬೆರಳ ತುದಿ ಮಿನುಗುತ್ತಿತ್ತು. ಹತ್ತಿಕೊಂಡದ್ದು ಹಲ್ವವೋ ಬರಿಯ ತುಪ್ಪವೋ ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ ಅವರು ಬೆರಳನ್ನು ಚೀಪಿ, ಮಜ್ಜಿಗೆಯವನನ್ನು ಕೂಗಿದರು.