ನಮ್ಮಪ್ಪನಿಗೆ ‘ಆರ್’ ಹಾಕಿದ ದಿನ

1996ರಲ್ಲಿ ಮಂಡ್ಯದಿಂದ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಮೈಸೂರಿನ ಒಂದು ಕಾಲೇಜಿಗೆ ಬರುತ್ತಿದ್ದೆ. ಪಾಂಡವಪುರ ದಾಟುವ ತನಕ ನಿಂತೇ ಬರಬೇಕಿತ್ತು. ಶ್ರೀರಂಗಪಟ್ಟಣದಲ್ಲಿ ಸೀಟು ಸಿಕ್ಕಿದರೆ ರೆನ್ ಅಂಡ್ ಮಾರ್ಟಿನ್ ಇಂಗ್ಲಿಷ್ ಗ್ರಾಮರ್ ಪುಸ್ತಕ ತೆಗೆದು ಕೂರುತ್ತಿದ್ದೆ. ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡಿದ್ದು, ಬೆನ್ನು ಕಿತ್ತುಹೋಗಿತ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನಿಗೆ ಇಂಗ್ಲಿಷ್ ಅಂದರೆ ಆ ಪುಸ್ತಕವೇ ಆಗಿತ್ತು.

ಮೊದಲ ತಿಂಗಳಲ್ಲೇ ಇಂಗ್ಲಿಷ್ ಮೇಷ್ಟ್ರು ಮನೆಯವರ ಬಗ್ಗೆ ಒಂದು ಪುಟ ಬರೆಯಲು ಹೇಳಿದರು. ನಾನು ‘ಮೈ ಫಾದರ್ ಆರ್ ಎ ಫಾರ್ಮರ್’ ಅಂತ ಶುರು ಮಾಡಿದೆ. ಪುಟದ ತುಂಬಾ ಅಪ್ಪನಿಗೆ ಬಹುವಚನದ ‘ಆರ್’, ‘ಹ್ಯಾವ್’. ಅವರು ಯಾವುದನ್ನೂ ಹೊಡೆದು ಹಾಕಿರಲಿಲ್ಲ. ‘ಆರ್’ ಇದ್ದ ಕಡೆಯಲ್ಲೆಲ್ಲ ಪೆನ್ಸಿಲ್‌ನಲ್ಲಿ ಒಂದೊಂದು ಚುಕ್ಕೆ ಇತ್ತು, ಅಷ್ಟೆ. ಕ್ಲಾಸು ಮುಗಿದ ಮೇಲೆ ಕರೆದು, “ಯಾಕೆ ಹೀಗೆ ಬರೆದೆ?” ಅಂದರು. “ಅಪ್ಪನಿಗೆ ಮರ್ಯಾದೆ ಕೊಡಬೇಕಲ್ವಾ ಸಾರ್” ಅಂದೆ.

ಅವರು ನಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದರು. ನಮ್ಮಲ್ಲಿ ಅಪ್ಪ ಒಬ್ಬರೇ ಆದರೂ ‘ಬಂದರು’ ಅಂತೀವಿ. ಇಂಗ್ಲಿಷ್‌ನಲ್ಲೂ ಒಂದು ಕಾಲಕ್ಕೆ ‘ನೀನು’ ಅನ್ನೋಕೆ ‘ದೌ’ ಇತ್ತು, ಬಹುವಚನಕ್ಕೆ ‘ಯು’ ಇತ್ತು. ದೊಡ್ಡವರನ್ನು ಮರ್ಯಾದೆಗೆ ‘ಯು’ ಅಂತ ಕರೆದೂ ಕರೆದೂ ‘ದೌ’ ಬಳಕೆ ತಪ್ಪಿತು. ಅದಕ್ಕೇ ಇವತ್ತಿಗೂ ಒಬ್ಬನೇ ಎದುರಿಗಿದ್ದರೂ ‘ಯು ಆರ್’. “ನೀನು ಮಾಡಿದ್ದನ್ನೇ ಅವರೂ ಮಾಡಿದ್ದಾರೆ. ಆದ್ರೆ ‘ಫಾದರ್’ಗೆ ಮಾಡಿಲ್ಲ. ಅಲ್ಲಿ ‘ಇಸ್’ ಹಾಕು” ಅಂದರು. ಆವತ್ತಿನಿಂದ ಆ ತಪ್ಪು ನಾನು ಮಾಡಿಲ್ಲ.

ಅವರು ಯಾವ ನಿಯಮ ಹೇಳಿದರೂ ಅದು ಎಲ್ಲಿಂದ ಬಂತು ಅಂತ ಹೇಳದೆ ಬಿಡುತ್ತಿರಲಿಲ್ಲ. ವಾಕ್ಯದ ಕೊನೆಗೆ ಪ್ರಿಪೊಸಿಷನ್, ಅಂದರೆ ‘ಇನ್’, ‘ಟು’ ಥರದ ಪದ, ಬರಬಾರದು ಅಂತ ಪುಸ್ತಕದಲ್ಲಿ ಇರುತ್ತಲ್ಲ, ಅದರ ಬಗ್ಗೆ 1672ರಲ್ಲಿ ಆಕ್ಷೇಪ ಎತ್ತಿದ್ದು ಕವಿ ಡ್ರೈಡನ್. ಆಮೇಲೆ 1762ರಲ್ಲಿ ರಾಬರ್ಟ್ ಲೌತ್ ಅನ್ನೋ ಪಾದ್ರಿ ತಮ್ಮ ವ್ಯಾಕರಣದಲ್ಲಿ, ಗಂಭೀರ ಬರವಣಿಗೆಗೆ ಅದು ಅಷ್ಟು ಚೆನ್ನಾಗಿ ಕಾಣುವುದಿಲ್ಲ ಅಂದರು. ಜನ ಮಾತಾಡೋದು ಮಾತ್ರ ಮೊದಲಿನ ಹಾಗೇ ಇತ್ತು. ‘ಐ’, ‘ವಿ’ ಜೊತೆ ‘ವಿಲ್’ ಅಲ್ಲ, ‘ಶಲ್’ ಬರಬೇಕು ಅನ್ನೋ ನಿಯಮ 1653ರಲ್ಲಿ ಜಾನ್ ವಾಲಿಸ್ ಲ್ಯಾಟಿನ್‌ನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲೇ ಇದೆ. ನಾವು ಅದನ್ನು ಮಗ್ಗಿ ಥರ ಬಾಯಿಪಾಠ ಮಾಡಿದೆವು. ಈಗ ಹಾಗೆ ಮಾತಾಡುವವರು ಎಷ್ಟು ಜನ ಸಿಗುತ್ತಾರೆ?

ಒಮ್ಮೆ ಬೋರ್ಡಿನ ಮೇಲೆ ಅವರು ‘ಪಾಲ್’ ಅಂತ ಬರೆದರು. ಹಳಗನ್ನಡದ ಹಾಲು. ಪಕ್ಕದಲ್ಲಿ ‘ಹಾಲು’. ನಿಮ್ಮೂರಲ್ಲಿ ಏನಂತಾರೆ ಅಂತ ನನ್ನನ್ನೇ ಕೇಳಿದರು. ನಮ್ಮಜ್ಜಿ ‘ಆಲು’ ಅಂತಿದ್ದರು, ಹಾಗೇ ಹೇಳಿದೆ. ಅದನ್ನೂ ಬರೆದರು, ಅದೇ ದಪ್ಪ ಅಕ್ಷರದಲ್ಲಿ. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ಕನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ದಲ್ಲಿ ಯಾವ ಯಾವ ಪದದಲ್ಲಿ ‘ೞ’ ಬರುತ್ತೆ ಅಂತ ಹೇಳಿದ್ದಾನೆ, ಆ ಅಕ್ಷರವೇ ಈಗ ನಮ್ಮ ಬಳಕೆಯಲ್ಲಿ ಇಲ್ಲ ಅಂದರು. ನಮ್ಮಜ್ಜಿಯ ಮಾತು ಕಾಲೇಜಿನ ಬೋರ್ಡಿನ ಮೇಲೆ ಕಂಡಿದ್ದು ಅದೊಂದೇ ಸಲ.

ನಾನೀಗ ಮಂಡ್ಯ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಭಾಷೆ ಬದಲಾಗ್ತಾ ಇದೆ, ಗ್ರಾಮರ್ ಯಾಕೆ, ಸುಮ್ನೆ ಮಾತಾಡಿಸಿ ಅನ್ನುವವರು ಜಾಸ್ತಿ ಆಗಿದ್ದಾರೆ. ಈ ಮಾತು ನನಗೆ ಹಿಡಿಸುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದ ಮಗುವಿಗೆ ತಪ್ಪು ಯಾವುದು ಅಂತ ಕಿವಿಯೇ ಹೇಳಿಬಿಡುತ್ತೆ. ನಮ್ಮ ಮನೆಯಲ್ಲಿ ಕಬ್ಬಿನ ಕಟಾವು, ನಾಲೆ ನೀರು, ಆಲೆಮನೆ, ಇದೇ ಮಾತು. ನನಗೆ ಆ ಕಿವಿ ಎಲ್ಲಿಂದ ಬರಬೇಕಿತ್ತು? ನಿಯಮ ಹಿಡಿದುಕೊಂಡೇ ನಾನು ನಡೆಯೋದು ಕಲಿತೆ. ನನ್ನ ಕ್ಲಾಸಿನ ಮಕ್ಕಳ ಕೈಯಿಂದ ಅದನ್ನು ಕಿತ್ತುಕೊಳ್ಳಲು ನಾನು ತಯಾರಿಲ್ಲ.

ಹಾಗಂತ ಹಳೆಯದನ್ನೇ ಹಿಡಿದು ಕೂತಿಲ್ಲ. ಹೋದ ವರ್ಷ ಒಬ್ಬ ಹುಡುಗಿ ‘ಎವರಿ ಸ್ಟೂಡೆಂಟ್ ಶುಡ್ ಬ್ರಿಂಗ್ ದೇರ್ ಬುಕ್’ ಅಂತ ಬರೆದಳು. ನಾವು ಓದುವಾಗ ‘ಹಿಸ್’ ಮಾತ್ರ ಸರಿ ಅಂತಿದ್ದರು. ಒಬ್ಬರಿಗೇ ‘ದೇ’, ‘ದೇರ್’ ಬಳಸುವುದು 14ನೇ ಶತಮಾನದಿಂದಲೂ ಇಂಗ್ಲಿಷ್‌ನಲ್ಲಿ ಇದೆ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ದೇ’ಯನ್ನೇ ವರ್ಷದ ಪದ ಅಂತ ಆರಿಸಿತು. ಆದರೆ ಎಲ್ಲ ಮೌಲ್ಯಮಾಪಕರೂ ಅದನ್ನು ಒಪ್ಪುತ್ತಾರೆ ಅಂತ ಹೇಳೋಕಾಗಲ್ಲ. ಅವಳನ್ನು ಕೂರಿಸಿಕೊಂಡು ಎರಡನ್ನೂ ಹೇಳಿದೆ. ಪರೀಕ್ಷೆಯಲ್ಲಿ ‘ಹಿಸ್ ಆರ್ ಹರ್’ ಬರಿ, ಬೇರೆ ಕಡೆ ನೀನು ಬರೆದಿದ್ದು ಸರಿಯಾಗೇ ಇದೆ ಅಂದೆ. “ನಮ್ಮ ‘ಅವರು’ ಥರಾನಾ ಸಾರ್?” ಅಂತ ಕೇಳಿದಳು. ನಾನಿನ್ನೂ ‘ದೌ’ ಕಥೆ ಅವಳಿಗೆ ಹೇಳಿರಲಿಲ್ಲ.